ಫೋನಿನ ಡೆಮೋದಲ್ಲಿರುವ ಜೀವ ಸ್ಟುಡಿಯೋ ಟ್ರ್ಯಾಕ್‌ನಲ್ಲಿ ಯಾಕಿಲ್ಲ?

ಪ್ರಶ್ನೆ: ನಾನು ಹಾಡು ಬರೆದು, ರಾಗ ಹಾಕಿ, ಹಾಡುತ್ತೇನೆ. ನನ್ನ ಗೆಳೆಯ ಗಿಟಾರ್, ಕೀಬೋರ್ಡ್ ಎರಡನ್ನೂ ಚೆನ್ನಾಗಿ ನುಡಿಸುತ್ತಾನೆ. ಅವನ ಮನೆಯ ಒಂದು ರೂಮಿನಲ್ಲಿ ಲ್ಯಾಪ್‌ಟಾಪ್, ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್ (ಮೈಕನ್ನೂ ವಾದ್ಯವನ್ನೂ ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ಎರಡು ಹೆಡ್‌ಫೋನ್ ಇಟ್ಟುಕೊಂಡು ನಮ್ಮದೇ ಹಾಡುಗಳನ್ನು ರೆಕಾರ್ಡ್ ಮಾಡಲು ಶುರುಮಾಡಿ ಎಂಟು ತಿಂಗಳಾಯಿತು. ಐದು ಹಾಡು ಅರ್ಧಂಬರ್ಧ ಆಗಿವೆ, ಒಂದೂ ಮುಗಿದಿಲ್ಲ. ಹಾಡು ಹುಟ್ಟಿದ ದಿನ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟ ಡೆಮೋ ಕೇಳಿದರೆ ಅದರಲ್ಲೇ ಜೀವ ಇದೆ ಅನಿಸುತ್ತದೆ. ಸ್ಟುಡಿಯೋ ಟ್ರ್ಯಾಕ್‌ನಲ್ಲಿ ನನ್ನ ದನಿ ವಾದ್ಯಗಳ ನಡುವೆ ಮುಳುಗಿಹೋಗುತ್ತದೆ. ಇನ್ನೂ ಒಳ್ಳೆ ಮೈಕ್ ತರೋಣ ಅನ್ನುತ್ತಾನೆ ಗೆಳೆಯ. ಸಮಸ್ಯೆ ಮೈಕ್‌ನದ್ದೇನಾ? ಇನ್ನೊಂದು, ಹಾಡು ಯಾರದ್ದು ಅನ್ನೋ ಮಾತನ್ನು ಅವನ ಹತ್ತಿರ ಹೇಗೆ ಎತ್ತೋದು ಅಂತ ತಿಳಿಯುತ್ತಿಲ್ಲ.

ಉತ್ತರ: ಮೈಕ್ ಈಗಲೇ ಕೊಳ್ಳಬೇಡಿ. ನಿಮ್ಮ ಹತ್ತಿರ ಇರುವ ಸಾಮಾನು ಒಂದು ಹಾಡನ್ನು ಚೆನ್ನಾಗಿ ಮುಗಿಸಲು ಸಾಕು. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಮೈಕ್ ಅಲ್ಲ, "ಐದು ಹಾಡು ಅರ್ಧಂಬರ್ಧ" ಅನ್ನೋ ಮಾತು. ಹೊಸ ಮೈಕ್ ಬಂದರೆ ಆರನೆಯದೂ ಅರ್ಧಕ್ಕೆ ನಿಲ್ಲುತ್ತದೆ, ಅಷ್ಟೇ.

1979ರಲ್ಲಿ ಟ್ಯಾಸ್ಕಾಮ್ ಕಂಪನಿಯವರು ಪೋರ್ಟಾಸ್ಟುಡಿಯೋ ಅನ್ನೋ ಯಂತ್ರ ತಂದರು. ಮಾಮೂಲಿ ಕ್ಯಾಸೆಟ್ ಮೇಲೆ ನಾಲ್ಕು ಟ್ರ್ಯಾಕ್, ಅಂದರೆ ನಾಲ್ಕು ಬೇರೆ ಬೇರೆ ಪದರ, ರೆಕಾರ್ಡ್ ಮಾಡುವ ಯಂತ್ರ ಅದು. ಮನೆಯಲ್ಲಿ ಕೂತು ಹಾಡು ಕಟ್ಟುವವರ ಕೈಗೆ ಮಲ್ಟಿಟ್ರ್ಯಾಕ್ ರೆಕಾರ್ಡಿಂಗ್ ಸಿಕ್ಕಿದ್ದು ಅಂಥ ಯಂತ್ರಗಳಿಂದ. ಇರುವುದೇ ನಾಲ್ಕು ಟ್ರ್ಯಾಕ್ ಅಂದಾಗ, ಮೊದಲನೆಯದನ್ನು ನುಡಿಸುವ ಮುಂಚೆಯೇ ನಾಲ್ಕನೆಯದರಲ್ಲಿ ಏನು ಬರಬೇಕು ಅಂತ ಗೊತ್ತಿರಬೇಕಿತ್ತು. ಜಾಗ ಸಾಲದಿದ್ದರೆ ಮೂರು ಟ್ರ್ಯಾಕನ್ನು ಒಂದಕ್ಕೆ ಇಳಿಸಿ ಹಳೆಯದನ್ನು ಅಳಿಸುತ್ತಿದ್ದರು. ಇಳಿಸಿದ ಮೇಲೆ "ಗಿಟಾರ್ ಸ್ವಲ್ಪ ಜಾಸ್ತಿ ಆಯ್ತು" ಅಂದರೆ ಏನೂ ಮಾಡುವ ಹಾಗಿರಲಿಲ್ಲ. ಈಗ ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಬೇಕಾದರೂ ಟ್ರ್ಯಾಕ್ ಇದೆ, ಅನ್‌ಡೂ ಇದೆ. ಹಾಗಾಗಿ ಎಲ್ಲದಕ್ಕೂ "ಆಮೇಲೆ ನೋಡೋಣ". ಶ್ರುತಿ ಆಮೇಲೆ, ಟೆಂಪೋ (ಹಾಡಿನ ವೇಗ) ಆಮೇಲೆ, ದನಿಯನ್ನು ಮಿಕ್ಸಿಂಗ್‌ನಲ್ಲಿ, ಅಂದರೆ ಎಲ್ಲ ಟ್ರ್ಯಾಕ್ ಹದವಾಗಿ ಬೆರೆಸುವಾಗ ಸರಿಮಾಡೋಣ. ನಿಮ್ಮಿಬ್ಬರ ಕಷ್ಟ ಇದೇ ಅಂತ ನನ್ನ ಅನಿಸಿಕೆ. ರೆಕಾರ್ಡ್ ಬಟನ್ ಒತ್ತುವ ಮೊದಲು ಆಗಬೇಕಾದ ತೀರ್ಮಾನಗಳು ನಿಮ್ಮಲ್ಲಿ ಆಗುತ್ತಲೇ ಇಲ್ಲ.

ಹಾಗಾದರೆ ಫೋನ್ ಡೆಮೋ ಯಾಕೆ ಚೆನ್ನಾಗಿದೆ? ಅದರಲ್ಲಿ ಈ ತೀರ್ಮಾನಗಳೆಲ್ಲ ತಾವಾಗಿಯೇ ಆಗಿಬಿಟ್ಟಿವೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಟ್ಟಿಗೆ ನುಡಿಸಿ ಹಾಡಿದ್ದೀರಿ. ನೀವು ಉಸಿರು ತೆಗೆದಾಗ ಅವನ ಕೈ ಕಾದಿದೆ. ಯಾವ ವೇಗದಲ್ಲಿ ಹಾಡಬೇಕು ಅಂತ ನಿಮ್ಮ ಗಂಟಲೇ ಹೇಳಿದೆ, ಕಂಪ್ಯೂಟರ್ ಅಲ್ಲ. ಇರುವುದು ಒಂದೇ ಗಿಟಾರ್, ಒಂದೇ ದನಿ, ಹಾಗಾಗಿ ಮುಳುಗುವ ಮಾತೇ ಇಲ್ಲ. ಜೊತೆಗೆ ಫೋನಿನ ರೆಕಾರ್ಡರ್‌ಗಳು ಸಾಮಾನ್ಯವಾಗಿ ಲೆವೆಲ್ ಅನ್ನು ತಾವೇ ಏರಿಸಿ ಇಳಿಸಿ ಮಾಡುತ್ತವೆ. ಸಣ್ಣ ದನಿ ಮೇಲೆ ಬರುತ್ತದೆ, ದೊಡ್ಡದು ಕೆಳಗಿಳಿಯುತ್ತದೆ, ಎಲ್ಲವೂ ಕಿವಿಯ ಹತ್ತಿರ ಬಂದ ಹಾಗೆ ಕೇಳಿಸುತ್ತದೆ. ಅದೊಂದು ಬಗೆಯ ಪುಕ್ಕಟೆ ಕಂಪ್ರೆಷನ್.

ಹಾಗಾಗಿ ಮೊದಲ ಕೆಲಸ, ಆ ಡೆಮೋವನ್ನು ಸಾಫ್ಟ್‌ವೇರ್‌ಗೆ ತಂದು ಅದರ ಟೆಂಪೋ ಅಳೆಯುವುದು. ಬಹುತೇಕ ಎಲ್ಲಾ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳಲ್ಲೂ ಟ್ಯಾಪ್ ಟೆಂಪೋ ಇರುತ್ತದೆ. ಹಾಡು ಕೇಳುತ್ತಾ ತಾಳಕ್ಕೆ ಸರಿಯಾಗಿ ಬಟನ್ ತಟ್ಟಿದರೆ ನಿಮಿಷಕ್ಕೆ ಎಷ್ಟು ಬೀಟ್ ಅಂತ ತೋರಿಸುತ್ತದೆ. ಪಲ್ಲವಿಗೊಮ್ಮೆ ತಟ್ಟಿ, ಚರಣಕ್ಕೊಮ್ಮೆ ತಟ್ಟಿ, ಕೊನೆಯ ಪಲ್ಲವಿಗೆ ಇನ್ನೊಮ್ಮೆ ತಟ್ಟಿ. ಮೂರೂ ಒಂದೇ ಇರುವುದಿಲ್ಲ. ಉದಾಹರಣೆಗೆ ಪಲ್ಲವಿ 76ರಲ್ಲಿ ಶುರುವಾಗಿ ಕೊನೆಗೆ 79ಕ್ಕೆ ಹೋಗಿರುತ್ತದೆ ಅನ್ನಿ. ಸ್ಟುಡಿಯೋ ಟ್ರ್ಯಾಕ್‌ನ ಕ್ಲಿಕ್, ಅಂದರೆ ತಾಳ ತಪ್ಪದಿರಲು ಹೆಡ್‌ಫೋನಿನಲ್ಲಿ ಬರುವ ಟಿಕ್ ಟಿಕ್, ಎಷ್ಟಿದೆ ಅಂತ ಈಗ ನೋಡಿ. 84 ಇದ್ದರೆ ನನಗೇನೂ ಆಶ್ಚರ್ಯವಿಲ್ಲ. ದನಿ ಇಲ್ಲದೆ ಬರೀ ಕಾರ್ಡ್ಸ್ ನುಡಿಸುವಾಗ 76 ತುಂಬಾ ನಿಧಾನ ಅನಿಸುತ್ತದೆ, ಕೈ ಮುಂದೆ ಓಡುತ್ತದೆ, ಗಿಟಾರ್ ನುಡಿಸುವವರು ಕ್ಲಿಕ್ ಏರಿಸುತ್ತಾರೆ.

ಎಂಟು ಬೀಟ್ ಹೆಚ್ಚುಕಮ್ಮಿ ಆದರೆ ಏನು ಮಹಾ ಅನ್ನಬಹುದು. ಲೆಕ್ಕ ಹಾಕಿ. ಹದಿನಾರು ಬೀಟ್‌ನ ಒಂದು ಸಾಲು 76ರಲ್ಲಿ 12.6 ಸೆಕೆಂಡ್ ತೆಗೆದುಕೊಳ್ಳುತ್ತದೆ. 84ರಲ್ಲಿ 11.4 ಸೆಕೆಂಡ್. ಒಂದು ಸೆಕೆಂಡಿಗೂ ಜಾಸ್ತಿ ಹೋಯಿತು. ಆ ಒಂದು ಸೆಕೆಂಡ್ ಎಲ್ಲಿಂದ ಹೋಯಿತು? ನೀವು ಉಸಿರು ತೆಗೆಯುತ್ತಿದ್ದ ಜಾಗದಿಂದ, ಸಾಲಿನ ಕೊನೆಯ ದೀರ್ಘವನ್ನು ಎಳೆದು ಬಿಡುತ್ತಿದ್ದ ಜಾಗದಿಂದ. ಉಸಿರಿಗೆ ಜಾಗ ಇಲ್ಲದ ಗಾಯಕರ ದನಿ ತೆಳ್ಳಗೇ ಬರುವುದು. ಯಾವ ಮೈಕ್ ಬಂದರೂ ಅದು ಸರಿಹೋಗುವುದಿಲ್ಲ. ಕ್ಲಿಕ್ ಅನ್ನು ಡೆಮೋದ ವೇಗಕ್ಕೇ ತನ್ನಿ. ಬೇಕಿದ್ದರೆ ಸಾಫ್ಟ್‌ವೇರ್‌ನ ಟೆಂಪೋ ಟ್ರ್ಯಾಕ್‌ನಲ್ಲಿ ಪಲ್ಲವಿಗೆ 76, ಎರಡನೇ ಚರಣಕ್ಕೆ 77, ಕೊನೆಗೆ 79 ಅಂತ ಬರೆದಿಡಿ. ಕ್ಲಿಕ್ ಅಂದರೆ ಮೊದಲಿಂದ ಕೊನೆವರೆಗೆ ಒಂದೇ ವೇಗ ಇರಬೇಕು ಅಂತ ಯಾರೂ ಹೇಳಿಲ್ಲ.

ಟೆಂಪೋ ಆದ ಮೇಲೆ ಶ್ರುತಿ. ರಾತ್ರಿ ಹೊತ್ತು ಪಕ್ಕದ ರೂಮಿನವರಿಗೆ ಕೇಳಿಸದ ಹಾಗೆ ಗುನುಗುತ್ತಾ ರಾಗ ಕಟ್ಟಿದ ಹಾಡುಗಳು ಸಾಮಾನ್ಯವಾಗಿ ತೀರಾ ಕೆಳಗಿನ ಶ್ರುತಿಯಲ್ಲಿ ಇರುತ್ತವೆ. ಬರೀ ಗಿಟಾರ್ ಇದ್ದಾಗ ಆ ಮೆಲ್ಲನೆಯ ದನಿ ಆಪ್ತ ಅನಿಸುತ್ತದೆ. ಬೇಸ್, ಡ್ರಮ್ಸ್, ಕೀಬೋರ್ಡ್ ಸೇರಿದ ಕೂಡಲೇ ಅದೇ ದನಿ ಕಳೆದುಹೋಗುತ್ತದೆ, ಯಾಕೆಂದರೆ ಗಂಟಲು ಆ ಸ್ವರಗಳಲ್ಲಿ ಜೋರು ಮಾಡಲಾರದು. "ದನಿ ಮುಳುಗುತ್ತದೆ" ಅನ್ನುವ ದೂರುಗಳಲ್ಲಿ ಎಷ್ಟೋ ನಿಜವಾಗಿ ಶ್ರುತಿಯ ದೂರುಗಳೇ. ಗೆಳೆಯನಿಗೆ ಹೇಳಿ, ಕ್ಯಾಪೋ (ಗಿಟಾರ್ ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್ಪು) ಒಂದು ಫ್ರೆಟ್ ಮೇಲೆ ಹಾಕಿ ನುಡಿಸಲಿ, ಆಮೇಲೆ ಎರಡು ಫ್ರೆಟ್ ಮೇಲೆ. ಪ್ರತಿ ಸಲವೂ ನಿಂತು, ಪೂರ್ತಿ ದನಿಯಲ್ಲಿ ಹಾಡಿ. ಹಾಡಿನ ಅತಿ ಕೆಳಗಿನ ಸ್ವರ, ಅತಿ ಮೇಲಿನ ಸ್ವರ ಎರಡೂ ಹಿಂಸೆಯಿಲ್ಲದೆ ಬರಬೇಕು. ಎರಡರಲ್ಲಿ ಒಂದನ್ನು ಬಿಡಲೇಬೇಕಾದರೆ ನಾನು ಕೆಳಗಿನದನ್ನು ಬಿಡುತ್ತೇನೆ. ಆ ಜಾಗದಲ್ಲಿ ರಾಗವನ್ನೇ ಸ್ವಲ್ಪ ತಿದ್ದಬಹುದು. ಹಾಡು ನಿಮ್ಮದೇ ಅಲ್ವಾ, ತಿದ್ದಲು ಯಾರ ಅಪ್ಪಣೆ ಬೇಕು?

ಈಗ ಗೈಡ್ ಟ್ರ್ಯಾಕ್, ಅಂದರೆ ಮುಂದಿನ ರೆಕಾರ್ಡಿಂಗ್‌ಗೆ ದಾರಿ ತೋರಿಸಲು ಮೊದಲು ಹಾಡಿಡುವುದು. ನಿಮ್ಮ ಹತ್ತಿರ ಇರುವುದು ಒಂದೇ ಮೈಕ್, ಎರಡು ಇನ್‌ಪುಟ್. ಇದರಲ್ಲಿ ಒಂದು ಅನುಕೂಲ ಇದೆ. ಕೀಬೋರ್ಡಿನ ಕೇಬಲ್ಲನ್ನು ನೇರವಾಗಿ ಇಂಟರ್‌ಫೇಸ್‌ಗೆ ಹಾಕಿ, ಇನ್ನೊಂದರಲ್ಲಿ ನಿಮ್ಮ ಮೈಕ್. ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ಎದುರುಬದುರು ಕೂತು ಒಟ್ಟಿಗೆ ನುಡಿಸಿ ಹಾಡಬಹುದು. ಕೀಬೋರ್ಡಿನ ಶಬ್ದ ಗಾಳಿಯಲ್ಲಿ ಬರುವುದೇ ಇಲ್ಲ, ಹಾಗಾಗಿ ಮೈಕ್‌ಗೆ ನುಗ್ಗುವುದಿಲ್ಲ. ಕೀ ಒತ್ತುವ ಟಕ್ ಟಕ್ ಮಾತ್ರ ಸ್ವಲ್ಪ ದೂರ ಇರಲಿ. ಗೈಡ್ ಅಂದರೆ ಆಮೇಲೆ ಬಿಸಾಡುವುದು ಅಂತ ತೇಲಿಸಿ ಹಾಡಬೇಡಿ. ಪೂರ್ತಿ ಮನಸ್ಸಿಟ್ಟು ಹಾಡಿ. ಎದುರಿಗೆ ಗೆಳೆಯ ನುಡಿಸುತ್ತಿರುವಾಗ ಹಾಡಿದ ಆ ಟೇಕೇ (ಆ ಒಂದು ಸಲದ ರೆಕಾರ್ಡಿಂಗೇ) ಕೊನೆಗೂ ಉಳಿದುಬಿಡುವುದು ಅಪರೂಪವೇನಲ್ಲ.

ವಾದ್ಯಗಳನ್ನೆಲ್ಲ ಹಾಕಿ ಮುಗಿಸಿ ಕೊನೆಗೆ ದನಿ ರೆಕಾರ್ಡ್ ಮಾಡುವುದು ವಾಡಿಕೆ. ದೊಡ್ಡ ಸ್ಟುಡಿಯೋಗಳಲ್ಲಿ ಅದಕ್ಕೆ ಕಾರಣಗಳಿವೆ. ನಿಮ್ಮ ರೂಮಿನಲ್ಲಿ ನಾನು ಅದನ್ನು ತಿರುಗಿಸುತ್ತೇನೆ. ಒಂದು ಗಿಟಾರ್ ಅಥವಾ ಒಂದು ಕೀಬೋರ್ಡ್, ಆ ಕೂಡಲೇ ದನಿ, ಉಳಿದದ್ದೆಲ್ಲ ದನಿ ಆದ ಮೇಲೆ. ಅರೇಂಜ್‌ಮೆಂಟ್ ತುಂಬಿ ತುಳುಕುವಾಗ ಹಾಡಲು ನಿಂತರೆ ಯಾರಾದರೂ ಕಿರುಚುತ್ತಾರೆ. ದನಿ ಮೊದಲೇ ಇದ್ದರೆ ನುಡಿಸುವವನಿಗೆ ಅದರಲ್ಲಿ ಎಲ್ಲೆಲ್ಲಿ ಖಾಲಿ ಇದೆ ಅಂತ ಕೇಳಿಸುತ್ತದೆ. ಸಾಲು ಮುಗಿದ ಮೇಲೆ ನುಡಿಸುತ್ತಾನೆ, ಸಾಲಿನ ಮೇಲೆ ಅಲ್ಲ.

ಇಲ್ಲೇ ನಿಮ್ಮಿಬ್ಬರ ಜಗಳವೂ ಇದೆ ಅಂತ ಕಾಣುತ್ತದೆ. ಗೆಳೆಯ ಟ್ರ್ಯಾಕ್ ಸೇರಿಸುತ್ತಾ ಹೋಗುತ್ತಾನೆ. ನುಡಿಸಲು ಬರುವವರಿಗೆ ಅದು ಸಹಜ. ಆದರೆ ಮನುಷ್ಯರ ದನಿಯ ಮೈ ಇರುವುದು ಸುಮಾರು 200ರಿಂದ 500 ಹರ್ಟ್ಸ್ ಆಸುಪಾಸಿನಲ್ಲಿ, ಅಕ್ಷರ ಸ್ಪಷ್ಟವಾಗುವುದು 2ರಿಂದ 4 ಕಿಲೋಹರ್ಟ್ಸ್ ಸುತ್ತ. ಗಿಟಾರ್ ಸ್ಟ್ರಮ್ಮಿಂಗ್, ಕೀಬೋರ್ಡಿನ ಬಲಗೈ, ಸ್ಟ್ರಿಂಗ್ಸ್ ಪ್ಯಾಡ್ (ಹಿಂದೆ ಎಳೆದು ಹಿಡಿಯುವ ಕೀಬೋರ್ಡ್ ನಾದ) ಎಲ್ಲವೂ ಅಲ್ಲೇ ಬಂದು ಕೂರುತ್ತವೆ. ಎಲ್ಲರೂ ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ. ಈಕ್ಯೂ, ಅಂದರೆ ಕೆಳಗಿನ, ಮೇಲಿನ ಕಂಪನಗಳನ್ನು ಏರಿಸಿ ಇಳಿಸುವ ಗುಂಡಿ, ತಿರುಗಿಸಿ ಇದನ್ನು ಬಿಡಿಸಲು ಹೋದರೆ ಎಲ್ಲ ವಾದ್ಯವೂ ಸೊರಗುತ್ತದೆ. ನುಡಿಸುವುದರಲ್ಲೇ ಬಿಡಿಸಬೇಕು. ನೀವು ಹಾಡುವ ಹೊತ್ತಿನಲ್ಲಿ ಕೀಬೋರ್ಡಿನ ಬಲಗೈ ನಿಮ್ಮ ಆಕ್ಟೇವ್ ಬಿಟ್ಟು ಒಂದು ಮೇಲಕ್ಕೋ ಕೆಳಕ್ಕೋ ಹೋಗಲಿ. ಪ್ಯಾಡ್ ಪಲ್ಲವಿಯಲ್ಲಿ ಇದ್ದರೆ ಚರಣದಲ್ಲಿ ಬೇಡ.

ಒಂದು ಪರೀಕ್ಷೆ ಮಾಡಿ. ಎಲ್ಲ ಟ್ರ್ಯಾಕನ್ನೂ ಮ್ಯೂಟ್ ಮಾಡಿ, ದನಿ ಮತ್ತು ಮುಖ್ಯ ವಾದ್ಯ ಮಾತ್ರ ಇಟ್ಟುಕೊಳ್ಳಿ. ಉಳಿದವನ್ನು ಒಂದೊಂದಾಗಿ ತೆರೆಯಿರಿ. ತೆರೆದಾಗ ಹಾಡು ಮೇಲೆದ್ದರೆ ಇರಲಿ. "ಇದೂ ಇದೆ" ಅಂತ ಮಾತ್ರ ಅನಿಸಿದರೆ ಮತ್ತೆ ಮ್ಯೂಟ್. ಗೆಳೆಯನ ಎದುರಿಗೆ ಡಿಲೀಟ್ ಮಾಡಬೇಡಿ, ಪಾಪ, ಅಷ್ಟು ಹೊತ್ತು ಕೂತು ನುಡಿಸಿದ್ದಾನೆ. ಮ್ಯೂಟ್ ಮಾಡಿ ಅಡಗಿಸಿಡಿ. ನಾಲ್ಕು ದಿನ ಬಿಟ್ಟು ಅದನ್ನು ಯಾರೂ ಕೇಳದಿದ್ದರೆ ಅದು ಬೇಡ ಅಂತಲೇ ಅರ್ಥ. ಮೊದಲ ಹಾಡಿಗೆ ಹನ್ನೆರಡು ಟ್ರ್ಯಾಕ್ ಮೀರುವುದಿಲ್ಲ ಅಂತ ಇಬ್ಬರೂ ಮೊದಲೇ ಒಪ್ಪಿಕೊಂಡರೆ ಇನ್ನೂ ಒಳ್ಳೆಯದು.

ಇನ್ನು ರೂಮು. ಕಂಡೆನ್ಸರ್ ಮೈಕ್ ನಿಮ್ಮ ದನಿಯ ಜೊತೆ ಗೋಡೆಯನ್ನೂ ಕೇಳುತ್ತದೆ. ರೂಮಿನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಹಿಂದೆ ಒಂದು ಸಣ್ಣ ಝಣ್ ಅಂತ ಬಾಲ ಕೇಳಿಸಿದರೆ ಅದು ನಿಮ್ಮ ರೆಕಾರ್ಡಿಂಗಿನ ತುಂಬಾ ಇರುತ್ತದೆ. ತೆಳ್ಳನೆಯ ಫೋಮ್ ಚೌಕಗಳನ್ನು ಗೋಡೆಗೆ ಅಂಟಿಸುವುದು ನೋಡಲು ಸ್ಟುಡಿಯೋ ಥರ ಕಾಣುತ್ತದೆ. ಕೆಲಸಕ್ಕೆ ಅಷ್ಟಕ್ಕಷ್ಟೇ. ತೆಳು ಫೋಮ್ ಮೇಲಿನ ಕಂಪನಗಳನ್ನು ಮಾತ್ರ ಹೀರಿಕೊಂಡು ಕೆಳಗಿನದನ್ನು ಹಾಗೇ ಬಿಡುತ್ತದೆ. ಡಬ್ಬದೊಳಗೆ ಹಾಡಿದ ಹಾಗೆ ಕೇಳಿಸುವುದು ಅದಕ್ಕೇ. ದಪ್ಪ ರಜಾಯಿ, ಕಂಬಳಿ, ಹಾಸಿಗೆ, ಬಟ್ಟೆ ತುಂಬಿದ ಬೀರುವಿನ ತೆರೆದ ಬಾಗಿಲು ಇವೆಲ್ಲ ಅದಕ್ಕಿಂತ ವಾಸಿ.

ಎಲ್ಲಿ ತೂಗುಹಾಕಬೇಕು ಅನ್ನುವುದು ಮುಖ್ಯ. ಬಹಳ ಜನ ಮೈಕ್‌ನ ಹಿಂದೆ ಹಾಕುತ್ತಾರೆ. ನಿಮ್ಮ ಮೈಕ್ ಕಾರ್ಡಿಯಾಯ್ಡ್ ಅನ್ನೋ ಬಗೆಯದ್ದಾಗಿದ್ದರೆ ಅದು ಕೇಳುವುದು ಎದುರಿನದನ್ನು. ಅದರ ಎದುರಿಗೆ ನೀವಿದ್ದೀರಿ, ನಿಮ್ಮ ಹಿಂದೆ ಗೋಡೆ ಇದೆ. ಹಾಗಾಗಿ ರಜಾಯಿ ಬೇಕಿರುವುದು ನಿಮ್ಮ ಬೆನ್ನ ಹಿಂದೆ, ಆಮೇಲೆ ಎರಡು ಪಕ್ಕದಲ್ಲಿ. ಮೈಕ್‌ನ ಹಿಂಬದಿ ಹೆಚ್ಚುಕಮ್ಮಿ ಕಿವುಡು. ಲ್ಯಾಪ್‌ಟಾಪ್‌ನ ಫ್ಯಾನ್ ಇರುವ ದಿಕ್ಕಿಗೆ ಆ ಬೆನ್ನು ತಿರುಗಿಸಿ. ರೂಮಿನ ಸರಿಯಾದ ನಡುಮಧ್ಯೆ ಬೇಡ, ಮೂಲೆಯೂ ಬೇಡ. ಟೇಕ್ ಮುಗಿಯುವವರೆಗೆ ಸೀಲಿಂಗ್ ಫ್ಯಾನ್ ಆಫ್.

ಬಾಯಿಗೂ ಮೈಕ್‌ಗೂ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಅಂದರೆ 15ರಿಂದ 20 ಸೆಂಟಿಮೀಟರ್ ದೂರ ಸಾಕು. ಮಧ್ಯದಲ್ಲಿ ಪಾಪ್ ಫಿಲ್ಟರ್, ಅಂದರೆ ಬಾಯಿಯ ಗಾಳಿ ತಡೆಯುವ ತೆಳು ಜಾಲರಿ. ಪ, ಬ, ಫ, ಭ ಬಂದಾಗ ಬಾಯಿಂದ ಗಾಳಿ ಗುದ್ದುತ್ತದೆ, ಸ, ಶ ಬಂದಾಗ ಸೀಟಿ ಹೊಡೆಯುತ್ತದೆ. ಮೈಕನ್ನು ಬಾಯಿಗೆ ನೇರ ಇಡದೆ ಒಂದಿಷ್ಟು ಪಕ್ಕಕ್ಕೆ ಓರೆ ಮಾಡಿದರೆ ಎರಡೂ ಕಮ್ಮಿಯಾಗುತ್ತವೆ. ತೀರಾ ಹತ್ತಿರ ಹೋದರೆ ಕೆಳಗಿನ ಕಂಪನ ಉಬ್ಬಿ ದನಿ ದಪ್ಪಗೆ ಕೇಳಿಸುತ್ತದೆ. ಮೆಲ್ಲಗೆ ಹಾಡುವ ಸಾಲಿಗೆ ಅದು ಚೆಂದ. ಇಡೀ ಹಾಡಿಗೆ ಅಲ್ಲ. ಜೋರು ಸಾಲು ಬಂದಾಗ ಅರ್ಧ ಹೆಜ್ಜೆ ಹಿಂದೆ ಸರಿಯುವುದನ್ನು ರೂಢಿ ಮಾಡಿಕೊಳ್ಳಿ.

ಲೆವೆಲ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಾಫ್ಟ್‌ವೇರ್‌ನ ರೆಕಾರ್ಡಿಂಗ್ ಗುಣಮಟ್ಟ 24 ಬಿಟ್, 48 ಕಿಲೋಹರ್ಟ್ಸ್ ಇಡಿ. ನೀವು ಅತಿ ಜೋರಾಗಿ ಹಾಡುವ ಸಾಲು ಮೀಟರ್‌ನಲ್ಲಿ ಮೈನಸ್ 10ರಿಂದ 12 ಡೆಸಿಬೆಲ್ ಮುಟ್ಟಿದರೆ ಸಾಕು. ಕೆಂಪಿಗೆ ಹತ್ತಿರ ಇರಬೇಕು ಅನ್ನುವುದು ಟೇಪಿನ ಕಾಲದ ಅಭ್ಯಾಸ, ಆಗ ಟೇಪಿನ ಹಿಸ್ ಮುಚ್ಚಬೇಕಿತ್ತು. ಈಗ ಕಡಿಮೆ ಇದ್ದರೆ ಆಮೇಲೆ ಏರಿಸಬಹುದು. ಕೆಂಪಿಗೆ ಹೋಗಿ ಒಡೆದ ದನಿಯನ್ನು ಪೂರ್ತಿ ಸರಿಮಾಡಲು ಆಗುವುದಿಲ್ಲ.

ಹೆಡ್‌ಫೋನ್ ವಿಷಯಕ್ಕೆ ಮಾತ್ರ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ಗಾಯಕರ ಕಿವಿಗೆ ಏನು ಬರುತ್ತದೋ ಹಾಗೆಯೇ ಅವರು ಹಾಡುತ್ತಾರೆ. ದನಿ ಮೈಕ್‌ನಿಂದ ಕಂಪ್ಯೂಟರಿಗೆ ಹೋಗಿ ಹೆಡ್‌ಫೋನಿಗೆ ಬರುವಷ್ಟರಲ್ಲಿ ಸ್ವಲ್ಪ ತಡ ಆಗುತ್ತದೆ. ಸಾಫ್ಟ್‌ವೇರ್‌ನಲ್ಲಿ ಬಫರ್ (ಶಬ್ದವನ್ನು ಕಂಪ್ಯೂಟರ್ ತುಣುಕು ತುಣುಕಾಗಿ ಹಿಡಿದಿಟ್ಟುಕೊಳ್ಳುವ ಅಳತೆ) 1024 ಸ್ಯಾಂಪಲ್ ಇದ್ದರೆ, 48 ಕಿಲೋಹರ್ಟ್ಸ್‌ನಲ್ಲಿ ಒಂದು ದಿಕ್ಕಿಗೇ 21 ಮಿಲಿಸೆಕೆಂಡ್. ಹೋಗಿ ಬರುವುದಕ್ಕೆ 40 ದಾಟುತ್ತದೆ. ನಿಮ್ಮ ದನಿ ನಿಮಗೇ ತಡವಾಗಿ ಕೇಳಿಸಿದರೆ ನೀವು ಅದಕ್ಕಾಗಿ ಕಾಯಲು ಶುರುಮಾಡುತ್ತೀರಿ, ಹಾಡು ಜಗ್ಗುತ್ತದೆ. ಯಾಕೆ ಜಗ್ಗುತ್ತಿದೆ ಅಂತ ಇಬ್ಬರಿಗೂ ಗೊತ್ತಾಗುವುದಿಲ್ಲ. ರೆಕಾರ್ಡ್ ಮಾಡುವಾಗ ಬಫರ್ 128ಕ್ಕೆ ಇಳಿಸಿ, ಆಗ ಒಂದು ದಿಕ್ಕಿಗೆ 3 ಮಿಲಿಸೆಕೆಂಡಿಗೂ ಕಮ್ಮಿ. ಮಿಕ್ಸಿಂಗ್‌ಗೆ ಕೂತಾಗ ಮತ್ತೆ ಏರಿಸಿಕೊಳ್ಳಿ. ಇಲ್ಲವೇ ಇಂಟರ್‌ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರ್ ಬಟನ್ (ದನಿಯನ್ನು ಕಂಪ್ಯೂಟರಿಗೆ ಸುತ್ತಿಸದೆ ನೇರ ಹೆಡ್‌ಫೋನಿಗೆ ಕೊಡುವುದು) ಇದ್ದರೆ ಅದನ್ನು ಒತ್ತಿ, ಸಾಫ್ಟ್‌ವೇರ್‌ನಲ್ಲಿ ನಿಮ್ಮ ದನಿಯ ಮಾನಿಟರಿಂಗ್ ಆಫ್ ಮಾಡಿ. ಎರಡೂ ಆನ್ ಇದ್ದರೆ ಒಂದೇ ದನಿ ಎರಡು ಸಲ ಬಂದು ಪೈಪಿನೊಳಗೆ ಹಾಡಿದ ಹಾಗೆ ಕೇಳಿಸುತ್ತದೆ.

ಹೆಡ್‌ಫೋನಿನಲ್ಲಿ ನಿಮ್ಮ ದನಿ ತೀರಾ ಜಾಸ್ತಿ ಇದ್ದರೆ ನಿಮಗೆ ಗೊತ್ತಿಲ್ಲದೆ ಮೆಲ್ಲಗೆ ಹಾಡುತ್ತೀರಿ. ತೀರಾ ಕಮ್ಮಿ ಇದ್ದರೆ ಕೂಗುತ್ತೀರಿ. ಕ್ಲಿಕ್ ಜೋರಿದ್ದರೆ ಅದು ಹೆಡ್‌ಫೋನಿಂದ ಸೋರಿ ಮೈಕ್‌ಗೆ ಬರುತ್ತದೆ, ಮೆಲ್ಲನೆಯ ಸಾಲಿನ ಕೊನೆಯಲ್ಲಿ ಟಿಕ್ ಟಿಕ್ ಅಂತ ಕೇಳಿಸುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಆದರೆ ಸೋರುವುದು ಕಡಿಮೆ. ಶ್ರುತಿ ಜಾರುತ್ತಿದ್ದರೆ ಒಂದು ಕಿವಿ ಸ್ವಲ್ಪ ಸರಿಸಿ ನಿಮ್ಮ ದನಿಯನ್ನು ಗಾಳಿಯಲ್ಲೇ ಕೇಳಿಸಿಕೊಳ್ಳಿ. ಸರಿಸಿದ ಕಡೆಯ ಸ್ಪೀಕರನ್ನು ಕೆನ್ನೆಗೆ ಒತ್ತಿಟ್ಟುಕೊಳ್ಳಿ, ಇಲ್ಲವಾದರೆ ಅಲ್ಲಿಂದಲೂ ಕ್ಲಿಕ್ ಸೋರುತ್ತದೆ. ಹಿಂದೆ ಮೆಲ್ಲಗೆ ತಂಬೂರಿ ಶ್ರುತಿ ಹಾಕಿಕೊಂಡರೂ ಚೆನ್ನ. ಕೇಳುವುದಕ್ಕೆ ಮಾತ್ರ ಒಂದಿಷ್ಟು ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಹಾಡಿದಂಥ ಅನುರಣನ) ಹಾಕಿಸಿಕೊಳ್ಳಿ, ರೆಕಾರ್ಡ್ ಆಗುವುದು ಅದಿಲ್ಲದ ಒಣ ದನಿಯೇ ಇರಲಿ.

ನೀವು ಹಾಡುವಾಗ ಕಂಪ್ಯೂಟರ್ ಮುಂದೆ ಗೆಳೆಯನೇ ಕೂರಬೇಕು. ಹಾಡುವವರೇ ಎದ್ದು ಬಂದು ಬಟನ್ ಒತ್ತಿ ಮತ್ತೆ ಮೈಕ್ ಮುಂದೆ ನಿಂತರೆ ಹಾಡಿನ ಭಾವ ಅಲ್ಲಿಗೇ ಮುಗಿಯಿತು. ಅವನು ನುಡಿಸುವಾಗ ನೀವು ಕೂರಿ. ಕೂತವರು ಫೋನ್ ನೋಡಬಾರದು. ಸುಮ್ನೆ ಹೇಳುತ್ತಿಲ್ಲ, ಎದುರಿಗಿದ್ದವರ ಗಮನ ಬೇರೆಲ್ಲೋ ಇದ್ದರೆ ಹಾಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಟೇಕ್ ಮುಗಿದ ಮೇಲೆ ಒಂದೇ ಒಂದು ಮಾತು ಹೇಳಲಿ. "ಫೀಲ್ ಸಾಲದು" ಅಂದರೆ ಅದರಿಂದ ಏನೂ ಮಾಡಲಾಗದು. "ಎರಡನೇ ಸಾಲಿನ ಕೊನೆಯನ್ನು ಅಷ್ಟು ಎಳೀಬೇಡ, ಬೇಗ ಬಿಡು" ಅಂದರೆ ಮುಂದಿನ ಟೇಕ್‌ನಲ್ಲಿ ಮಾಡಬಹುದು.

ಸಾಲು ಸಾಲಾಗಿ ನಿಲ್ಲಿಸಿ ಹಾಡಬೇಡಿ. ಮೊದಲಿಂದ ಕೊನೆವರೆಗೆ ನಾಲ್ಕೈದು ಪೂರ್ತಿ ಟೇಕ್ ಹಾಡಿ. "ಇದು ಬರೀ ಪ್ರಾಕ್ಟೀಸ್" ಅಂದಾಗಲೂ ರೆಕಾರ್ಡ್ ಆನ್ ಇರಲಿ. ಗೆಳೆಯನ ಕೈಯಲ್ಲಿ ಹಾಡಿನ ಸಾಹಿತ್ಯ ಬರೆದ ಒಂದು ಹಾಳೆ ಕೊಡಿ. ಎಡಕ್ಕೆ ಸಾಲುಗಳು, ಬಲಕ್ಕೆ ಒಂದು, ಎರಡು, ಮೂರು ಅಂತ ಟೇಕ್‌ಗಳ ಕಾಲಂ. ನೀವು ಹಾಡುತ್ತಿರುವಾಗಲೇ ಅವನು ಪ್ರತಿ ಸಾಲಿನ ಮುಂದೆ ಗುರುತು ಹಾಕುತ್ತಾ ಹೋಗಲಿ. ಚೆನ್ನಾಗಿದ್ದರೆ ಸರಿ ಗುರುತು, ಶ್ರುತಿ ಇಳಿದರೆ ಕೆಳಮುಖ ಬಾಣ, ಅಕ್ಷರ ತಿಂದರೆ ಆ ಅಕ್ಷರಕ್ಕೆ ಸುತ್ತು. ನಾಲ್ಕು ಟೇಕ್ ಆದ ಮೇಲೆ ಹಾಳೆ ನೋಡಿದರೆ ಯಾವ ಸಾಲು ಎಲ್ಲೂ ಸರಿಬಂದಿಲ್ಲ ಅಂತ ಕಣ್ಣಿಗೆ ಕಾಣುತ್ತದೆ. ಆ ಸಾಲನ್ನು ಮಾತ್ರ ಮತ್ತೆ ಹಾಡಿ, ಅದೂ ಅದರ ಹಿಂದಿನ ಸಾಲಿನಿಂದ ಶುರುಮಾಡಿ. ಆಗ ಉಸಿರೂ ದನಿಯ ಜೋರೂ ಕೂಡಿಕೊಳ್ಳುತ್ತವೆ. ಬೇರೆ ಬೇರೆ ಟೇಕ್ ಜೋಡಿಸುವಾಗ ಉಸಿರಿನ ಜಾಗದಲ್ಲಿ ಕತ್ತರಿಸಿ, ಒಂದು ಸಣ್ಣ ಕ್ರಾಸ್‌ಫೇಡ್ (ಒಂದು ತುಣುಕು ಇಳಿಯುತ್ತಾ ಇನ್ನೊಂದು ಏರುವ ಜೋಡಣೆ) ಹಾಕಿ. ಉಸಿರನ್ನೇ ಅಳಿಸಿ ಹಾಕಬೇಡಿ, ಹಾಡುವವರು ಮನುಷ್ಯರು ಅಂತ ಅನಿಸುವುದು ಅದರಿಂದಲೇ.

ಅಕೂಸ್ಟಿಕ್ ಗಿಟಾರ್‌ಗೆ ಮೈಕ್ ಇಡುವಾಗ ಸೌಂಡ್‌ಹೋಲ್ ಎದುರಿಗೆ ಇಡಬೇಡಿ, ಗುಂಯ್ ಅನ್ನುತ್ತದೆ. ಹನ್ನೆರಡನೇ ಫ್ರೆಟ್ ಕಡೆಗೆ ಮುಖಮಾಡಿ 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಇಟ್ಟು ಅಲ್ಲಿಂದ ಹುಡುಕಿಕೊಳ್ಳಿ. ಪ್ರತಿ ಟೇಕ್‌ಗೂ ಮೊದಲು ಟ್ಯೂನಿಂಗ್ ನೋಡಿಕೊಳ್ಳಿ.

ಒಂದು ವಿಷಯದಲ್ಲಿ ಒಮ್ಮತ ಬರದಿದ್ದರೆ ಏನು ಮಾಡುವುದು? ವಾದ ಮಾಡಬೇಡಿ. ಎರಡೂ ರೀತಿ ಮಾಡಿ ಎರಡು ಫೈಲ್ ತೆಗೆಯಿರಿ, ಮರುದಿನ ಸಣ್ಣ ಸ್ಪೀಕರ್‌ನಲ್ಲಿ ಕೇಳಿ. ಅರ್ಧಕ್ಕರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದ ಅರ್ಧಕ್ಕೆ ಕೊನೆಯ ಮಾತು ಯಾರದ್ದು ಅಂತ ಮೊದಲೇ ಹಂಚಿಕೊಂಡಿರಿ. ಸಾಹಿತ್ಯ, ರಾಗ, ಹಾಡುವ ರೀತಿ ನಿಮ್ಮದು. ವಾದ್ಯ ಸಂಯೋಜನೆ ಅವನದು. ಮಿಕ್ಸ್ ಮಾಡುವವರು ಯಾರೋ ಅವರದೇ ಮಿಕ್ಸ್, ಇನ್ನೊಬ್ಬರಿಗೆ ಎರಡು ಸುತ್ತು ತಿದ್ದುಪಡಿ ಹೇಳುವ ಹಕ್ಕು, ಅದೂ ಬರೆದು ಕೊಡಬೇಕು. ಎರಡು ಸುತ್ತು ಮುಗಿದರೆ ಹಾಡು ಮುಗಿದ ಹಾಗೆ. ಗೆಳೆತನದಲ್ಲಿ ಇಷ್ಟು ಕಾಯಿದೆ ಯಾಕೆ ಅನಿಸಬಹುದು. ನಾನು ನೋಡಿದ ಜೋಡಿಗಳಲ್ಲಿ ಹಾಡು ಮುಗಿಸಿದವರೆಲ್ಲ ಇಂಥದ್ದೊಂದು ಏರ್ಪಾಡು ಮಾಡಿಕೊಂಡವರೇ.

ಮಿಕ್ಸಿಂಗ್ ಬಗ್ಗೆ ಬೇಕಾದಷ್ಟು ಪಾಠಗಳು ಸಿಗುತ್ತವೆ, ನಾನು ದನಿಯ ಮಟ್ಟಿಗೆ ಮಾತ್ರ ಹೇಳುತ್ತೇನೆ. 80ರಿಂದ 100 ಹರ್ಟ್ಸ್ ಕೆಳಗಿನದನ್ನು ಫಿಲ್ಟರ್ ಮಾಡಿ ತೆಗೆಯಿರಿ. ಜೋರು ದನಿಯನ್ನು ಇಳಿಸುವ ಕಂಪ್ರೆಸರ್ ಅನ್ನು 3:1 ಅನುಪಾತಕ್ಕೆ ಇಟ್ಟು, ಜೋರು ಜಾಗದಲ್ಲಿ 3ರಿಂದ 6 ಡೆಸಿಬೆಲ್ ಇಳಿಯುವಷ್ಟು ಸಾಕು. ಇವೆರಡಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಬೇರೆ ಇದೆ. ಅದು ಬೇಜಾರಿನ ಕೆಲಸ, ಹಾಗಾಗಿ ಯಾರೂ ಮಾಡುವುದಿಲ್ಲ. ದನಿಯ ವಾಲ್ಯೂಮನ್ನು ಪದಪದಕ್ಕೂ ಕೈಯಿಂದ ಏರಿಸಿ ಇಳಿಸುವುದು. ಸಾಲಿನ ಕೊನೆಯಲ್ಲಿ ನುಂಗಿಹೋದ ಅಕ್ಷರವನ್ನು 2 ಡೆಸಿಬೆಲ್ ಎತ್ತಿ, ಚಿಮ್ಮಿದ ಪದವನ್ನು ಒಂದಿಷ್ಟು ಇಳಿಸಿ. ಹಾಡನ್ನು ತೀರಾ ಮೆಲ್ಲಗೆ ಇಟ್ಟು, ಸಾಹಿತ್ಯ ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ. ಎಲ್ಲಿ "ಏನಂದ್ರು?" ಅಂತ ಕೇಳುತ್ತಾರೋ ಅಲ್ಲಿ ಕೆಲಸ ಬಾಕಿ ಇದೆ. ಕೊನೆಗೆ ಇಡೀ ಹಾಡನ್ನು ಹಿಂಡಿ ಜೋರು ಮಾಡುವ ಹುಚ್ಚು ಬೇಡ. ಸ್ಪಾಟಿಫೈನಂಥ ಕಡೆ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡು ಕಿವಿಗೆ ಎಷ್ಟು ಜೋರು ಅನ್ನುವ ಅಳತೆ) ಆಸುಪಾಸಿಗೆ ಹಾಡುಗಳನ್ನು ಅವರೇ ತಂದು ನಿಲ್ಲಿಸುತ್ತಾರೆ, ಹಿಂಡಿದ ಹಾಡು ಅಲ್ಲಿ ಇಳಿದು ಚಪ್ಪಟೆಯಾಗಿ ಕೇಳಿಸುತ್ತದೆ.

ಕೊನೆಯದಾಗಿ, ಹಾಡು ಯಾರದ್ದು. ಇದನ್ನು ಎರಡು ಭಾಗ ಮಾಡಿಕೊಂಡರೆ ಅರ್ಧ ಮುಜುಗರ ಕಳೆಯುತ್ತದೆ. ಹಾಡು ಅಂದರೆ ಸಾಹಿತ್ಯ ಮತ್ತು ರಾಗ. ಅದು ಒಂದು ಹಕ್ಕು. ನೀವಿಬ್ಬರೂ ರೂಮಿನಲ್ಲಿ ಕೂತು ಮಾಡಿದ ಧ್ವನಿಮುದ್ರಣ ಇನ್ನೊಂದು ಹಕ್ಕು. ನಾಳೆ ಬೇರೆ ಯಾರೋ ನಿಮ್ಮ ಹಾಡನ್ನು ಹೊಸದಾಗಿ ಹಾಡಿದರೆ ಮೊದಲನೆಯದು ಮಾತ್ರ ಲೆಕ್ಕಕ್ಕೆ ಬರುತ್ತದೆ, ನಿಮ್ಮ ರೆಕಾರ್ಡಿಂಗನ್ನೇ ಬಳಸಿದರೆ ಎರಡೂ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಹಾಡಿನ ಹಕ್ಕು ಹುಟ್ಟಲು ನೋಂದಣಿ ಬೇಕಿಲ್ಲ. ಆದರೆ ಇಬ್ಬರು ಸೇರಿ ಮಾಡಿದ್ದರ ನಿಯಮ ದೇಶದಿಂದ ದೇಶಕ್ಕೆ ಬೇರೆ, ಅದಕ್ಕೇ ನಿಮ್ಮ ನಡುವೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನನ್ನನ್ನು ಕೇಳಿದರೆ, ಸಾಹಿತ್ಯ ಮತ್ತು ರಾಗ ಎರಡನ್ನೂ ನೀವೇ ಮುಗಿಸಿಕೊಂಡು ಬಂದಿದ್ದರೆ ಹಾಡು ನಿಮ್ಮದು. ರೆಕಾರ್ಡಿಂಗ್ ಅರ್ಧ ಅರ್ಧ, ಯಾಕೆಂದರೆ ರೂಮು, ನುಡಿಸಿದ್ದು, ಕೂತು ಕತ್ತರಿಸಿದ್ದು ಎಲ್ಲ ಅವನದು. ಅವನು ನುಡಿಸಿದ ಒಂದು ತುಣುಕಿನಿಂದಲೇ ಪಲ್ಲವಿಯ ರಾಗ ಹುಟ್ಟಿದ್ದರೆ, ಅಥವಾ ಚರಣದ ರಾಗ ಅವನು ಹೇಳಿಕೊಟ್ಟಿದ್ದರೆ, ಹಾಡಿನಲ್ಲೂ ಅವನಿಗೆ ಪಾಲು ಇದೆ. ಎಷ್ಟು ಅಂತ ಇಬ್ಬರೂ ಕೂತು ಒಂದು ಶೇಕಡಾ ಹಾಕಿಕೊಳ್ಳಿ. ರೆಡಿಮೇಡ್ ಲೂಪ್ (ಬೇರೆಯವರು ಮಾಡಿಟ್ಟ, ಮತ್ತೆ ಮತ್ತೆ ಸುತ್ತುವ ಸಂಗೀತದ ತುಣುಕು) ಬಳಸಿದ್ದರೆ ಅದರ ಲೈಸೆನ್ಸ್ ಏನು ಹೇಳುತ್ತದೆ ಅಂತಲೂ ನೋಡಿ.

ಮಾತು ಎತ್ತಲು ಒಳ್ಳೆಯ ಹೊತ್ತು, ಹಾಡು ಹೊರಗೆ ಬಿಡಲು ವಿವರ ತುಂಬುವಾಗ ಅಲ್ಲ. ಅದಕ್ಕೂ ಮುಂಚೆ, ಹೊಸ ಹಾಡಿನ ಫೋಲ್ಡರ್ ಮಾಡುವಾಗ. ಟೆಂಪೋ ಇಷ್ಟು, ಶ್ರುತಿ ಇದು ಅಂತ ಒಂದು ಟಿಪ್ಪಣಿ ಫೈಲ್ ಬರೆಯುತ್ತೀರಲ್ಲ, ಅದರಲ್ಲೇ "ಸಾಹಿತ್ಯ ಯಾರು, ರಾಗ ಯಾರು, ನುಡಿಸಿದವರು ಯಾರು, ಪಾಲು ಎಷ್ಟು" ಅಂತ ನಾಲ್ಕು ಸಾಲು ಸೇರಿಸಿ. "ಬಿಡುಗಡೆ ಮಾಡುವಾಗ ಕೇಳ್ತಾರೆ ಕಣೋ, ಈಗಲೇ ಬರೆದಿಡೋಣ" ಅಂದರೆ ಸಾಕು. ಸುಳ್ಳೇನಲ್ಲ, ಹಾಡು ಬಿಡುಗಡೆ ಮಾಡುವ ಕಡೆಗಳಲ್ಲಿ ಬರೆದವರು, ರಾಗ ಹಾಕಿದವರ ಹೆಸರು ಕೇಳುತ್ತಾರೆ. ರೆಕಾರ್ಡಿಂಗ್‌ಗೆ ಐಎಸ್‌ಆರ್‌ಸಿ ಅನ್ನೋ 12 ಅಕ್ಷರ ಅಂಕಿಗಳ ಗುರುತು ಸಂಖ್ಯೆಯೂ ಬರುತ್ತದೆ, ಅದನ್ನೂ ಆ ಫೈಲಿನಲ್ಲೇ ಬರೆದಿಡಿ. ಬರೆದದ್ದನ್ನು ಇಬ್ಬರೂ ಮೇಲ್‌ನಲ್ಲಿ ಕಳಿಸಿಕೊಂಡು "ಒಪ್ಪಿದೆ" ಅಂತ ಉತ್ತರಿಸಿಟ್ಟರೆ ತಾರೀಖೂ ಉಳಿಯುತ್ತದೆ.

ಮುಗಿದ ಹಾಡಿನ ಪ್ರತಿ ಟ್ರ್ಯಾಕನ್ನೂ ಮೊದಲ ಬೀಟ್‌ನಿಂದ ಶುರುವಾಗುವ ವೇವ್ ಫೈಲ್ ಆಗಿ ತೆಗೆದಿಡಿ. ಪ್ರಾಜೆಕ್ಟ್ ಫೈಲ್ ಐದು ವರ್ಷ ಬಿಟ್ಟು ತೆರೆದುಕೊಳ್ಳುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ವೇವ್ ಯಾವ ಸಾಫ್ಟ್‌ವೇರ್‌ನಲ್ಲಾದರೂ ಬರುತ್ತದೆ. 24 ಬಿಟ್, 48 ಕಿಲೋಹರ್ಟ್ಸ್‌ನ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ. ನಾಲ್ಕು ನಿಮಿಷದ ಹಾಡು, ಹನ್ನೆರಡು ಟ್ರ್ಯಾಕ್ ಅಂದರೆ 415 ಎಂಬಿ ಹತ್ತಿರ. ಎಲ್ಲ ಅವನ ಲ್ಯಾಪ್‌ಟಾಪ್‌ನಲ್ಲೇ ಇರುವುದು ಬೇಡ. ಪ್ರತಿ ಸಲ ಕೆಲಸ ಮುಗಿಸಿ ಏಳುವ ಮೊದಲು ನಿಮ್ಮ ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಿಕೊಳ್ಳಿ.